ಉದ್ದಪ್ಪನ ಮೊಣಕಾಲೂ ಅತ್ತೆಯವರ ಮೊಣಕಾಲೂ

ಕಾಯುವುದರಲ್ಲಿ ಇರುವ ಸುಖ ಸಿಕ್ಕಿದ್ದರಲ್ಲಿ ಇರುವುದಿಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ. ಹಬ್ಬಕ್ಕಿಂತ ಹಬ್ಬದ ಮುಂಚಿನ ವಾರ ಚೆಂದ. ಹೊಸ ರವಿಕೆ ತೊಡುವುದಕ್ಕಿಂತ ಅದನ್ನು ಹೊಲಿಯಲು ಕೊಟ್ಟು ಬಂದ ದಿನ ಚೆಂದ, ಏಕೆಂದರೆ ಅದಿನ್ನೂ ಕಂಕುಳಲ್ಲಿ ಬಿಗಿಯಾಗಿರುವುದಿಲ್ಲ. ಮನೆವಾರ್ತೆಯ ಹೆಂಗಸರಿಗೆ ಕಾಯುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಕುಕ್ಕರಿನ ಸೀಟಿಗೆ, ನಳದ ನೀರಿಗೆ, ಗ್ಯಾಸಿನ ಗಾಡಿಗೆ, ಒಣಹಾಕಿದ ಹಪ್ಪಳದ ಮೇಲೆ ಬಿಸಿಲು ಬೀಳುವುದಕ್ಕೆ ಕಾದು ಕಾದು ನಾವು ಪಳಗಿದವರು. ಆದರೆ ಬೀದರಿನ ಪಕ್ಕದ ನೌಬಾದದ ನಮ್ಮ ಮನೆಯಲ್ಲಿ ನಾನೂ ನಮ್ಮ ಅತ್ತೆಯವರೂ ಪ್ರತಿವರ್ಷ ಕಾಯುವ ಸಂಗತಿಯೊಂದಿದೆ. ಅದನ್ನು ಹೇಳಿದರೆ ಓಣಿಯವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಅತ್ತೆಯವರ ಮುಖ. ನಾವು ಕಾಯುವುದು ಅಮೆರಿಕದ ಒಂದು ಬಾಸ್ಕೆಟ್‌ಬಾಲ್ ತಂಡದ ಹೊಸ ಸೀಜನ್ ಶುರುವಾಗುವುದನ್ನು.

ಪಕ್ಕದ ಮನೆಯಾಕೆ ಒಮ್ಮೆ ಕೇಳಿಯೇಬಿಟ್ಟರು: "ಅಲ್ಲಿ ನಿಮ್ಮವರು ಯಾರರ ಅದಾರೇನ್ರಿ?"

"ಹದಿನೈದು ಮಂದಿ ಅದಾರ," ಎಂದರು ಅತ್ತೆ, ಸೊಪ್ಪು ಸೋಸುತ್ತ. "ಐದು ಮಂದಿ ಆಡ್ತಾರ, ಉಳಿದವರು ಕುರ್ಚಿ ಮ್ಯಾಲ ಕುಂತು ಟವಲ್ ಹಿಡ್ಕೊಂಡಿರ್ತಾರ."

ಈ ಆಟ ನಮ್ಮ ಮನೆಗೆ ಬಂದದ್ದು ನನ್ನ ಬೆನ್ನಿಗಂಟಿಕೊಂಡು. ನಾನು ಓದಿದ್ದು ಬೀದರಿನ ಕಾನ್ವೆಂಟಿನಲ್ಲಿ. ಅಲ್ಲಿ ಕೆಂಪು ಮಣ್ಣಿನ ಅಂಗಳದಲ್ಲಿ ಎರಡು ಕಂಬ ನೆಟ್ಟು ಬಾಸ್ಕೆಟ್‌ಬಾಲ್ ಆಡಿಸುತ್ತಿದ್ದರು. ನಮ್ಮ ಸಿಸ್ಟರ್ ಬಿಳಿ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸೀಟಿ ಹಿಡಿದು ನಮ್ಮ ಜೊತೆ ಓಡುತ್ತಿದ್ದರು. ನಮ್ಮ ಬಿಳಿ ಕಾಲುಚೀಲಗಳು ಸಂಜೆಯ ಹೊತ್ತಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತಿದ್ದವು. ನಾನು ತಂಡದಲ್ಲಿದ್ದೆ, ಆದರೆ ತಂಡಕ್ಕೆ ನನ್ನಿಂದ ಉಪಯೋಗವಿತ್ತು ಎಂದು ಹೇಳಲಾರೆ. ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಳ್ಳುವ ಮೊದಲು ನಾನು "ಎಕ್ಸ್‌ಕ್ಯೂಸ್ ಮಿ" ಅನ್ನುತ್ತಿದ್ದೆ. ಅದೇ ಅಂಗಳದಲ್ಲಿ, ಅದೇ ಸಿಸ್ಟರ್ ಕಲಿಸಿದ ಶಿಷ್ಟಾಚಾರ. ಅಷ್ಟರಲ್ಲಿ ಆ ಹುಡುಗಿ ಎಚ್ಚೆತ್ತುಕೊಂಡು ಚೆಂಡಿನ ಸಮೇತ ಆ ತುದಿ ಸೇರಿರುತ್ತಿದ್ದಳು. ಸಿಸ್ಟರ್ ತಲೆಯ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದರು. ತಾವೇ ಕಲಿಸಿದ ಎರಡು ಪಾಠಗಳಲ್ಲಿ ಯಾವುದನ್ನು ಮರೆಯಲು ಹೇಳಬೇಕೆಂದು ಅವರಿಗೂ ತಿಳಿಯುತ್ತಿರಲಿಲ್ಲ.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಒಂದು ಬೆಳಿಗ್ಗೆ ಟಿವಿಯಲ್ಲಿ ಆ ಆಟ ಸಿಕ್ಕಿತು. ಅವರಿಗೆ ರಾತ್ರಿ ಊಟದ ಹೊತ್ತು, ನಮಗೆ ಬೆಳಗಿನ ರೊಟ್ಟಿಯ ಹೊತ್ತು. ಮನೆಗೆಲಸದ ಹೆಂಗಸಿಗೆ ಅನುಕೂಲವಾಗಲೆಂದೇ ಭೂಮಿಯನ್ನು ಹಾಗೆ ತಿರುಗಿಸಿದ್ದಾರೆ ಅನ್ನಿಸಿತು. ಧ್ವನಿ ಸಣ್ಣಗೆ ಮಾಡಿ, ರೊಟ್ಟಿ ಬಡಿಯುತ್ತ ಬಾಗಿಲಿನಿಂದ ಇಣುಕುತ್ತಿದ್ದೆ. ಕೆಲವು ದಿನಗಳಲ್ಲಿ ಅತ್ತೆಯವರು ಲಿಂಗಪೂಜೆ ಮುಗಿಸಿ, ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಬಂದು ಸೋಫಾದ ತುದಿಯಲ್ಲಿ ಕುಳಿತುಕೊಳ್ಳತೊಡಗಿದರು. ಮೊದಲ ದಿನ ಕೇಳಿದ್ದು, "ಆ ಬಲಿ ಚೀಲದ್ದು ಬುಡ ಯಾಕ ಹೊಲ್ದಿಲ್ಲ? ಹಾಕಿದ್ದೆಲ್ಲ ಕೆಳಗ ಬೀಳ್ತದಲ್ಲ." ಎರಡನೆಯ ವಾರ ಅವರೇ ನನಗೆ ಆಟ ವಿವರಿಸುತ್ತಿದ್ದರು. ಅವರ ತವರು ಔರಾದದ ಕಡೆಯ ಹಳ್ಳಿ. ಕುರಿ ಸಾಕಿದ ಮನೆತನ. "ಮುಂದ ಬಂದು ಅಡ್ಡ ನಿಂದ್ರಬಾರದು. ಬಾಜೂಕ ನಿಂತು ಅದು ಎಲ್ಲಿ ಹೋಗಬೇಕಂತದೋ ಆ ದಾರಿ ಮುಚ್ಚಬೇಕು. ಕುರಿ ತರುಬೋದು ಹಂಗೇ," ಎಂದರು ಒಮ್ಮೆ. ನಮ್ಮ ತಂಡದ ಕೋಚ್ ಆಮೇಲೆ ಬಿಡುವಿನಲ್ಲಿ ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದ್ದೂ ಅದನ್ನೇ.

ಆಟಗಾರರ ಹೆಸರುಗಳು ಅತ್ತೆಯವರ ನಾಲಿಗೆಗೆ ಒಗ್ಗಲಿಲ್ಲ. ತಾವೇ ನಾಮಕರಣ ಮಾಡಿದರು. ಗಡ್ಡದವ, ಜಡಿಯವ, ಕೋಪಿಷ್ಠ. ಅವರೆಲ್ಲರಿಗಿಂತ ಎತ್ತರದವನು ಉದ್ದಪ್ಪ. ಬಾಗಿಲ ಚೌಕಟ್ಟು ಕಂಡಲ್ಲೆಲ್ಲ ಅಭ್ಯಾಸಬಲದಿಂದ ತಲೆ ತಗ್ಗಿಸಿ ನಡೆಯುವ, ತಾನು ಬೀಳಿಸಿದವನನ್ನು ತಾನೇ ಕೈಹಿಡಿದು ಎಬ್ಬಿಸುವ ಹುಡುಗ. ಅತ್ತೆಯವರಿಗೆ ಅವನ ಮೇಲೆ ಬಹಳ ಜೀವ. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವನು ಎಗರಿ ಇಳಿದವನು ಹಾಗೆಯೇ ಕುಸಿದು ಮೊಣಕಾಲು ಹಿಡಿದುಕೊಂಡ. ಇಬ್ಬರು ಹೆಗಲು ಕೊಟ್ಟು ಕರೆದುಕೊಂಡು ಹೋದರು. ಅತ್ತೆ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಹಾಗೆಯೇ ಬಿಟ್ಟು, ತಮ್ಮ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಕುಳಿತಿದ್ದರು. ಉದ್ದಪ್ಪನಿಗೆ ಆಪರೇಷನ್ ಆಯಿತು. ಮುಂದಿನ ಸೀಜನ್ನಿನ ಮೊದಲ ಪಂದ್ಯಕ್ಕೆ ಬರುತ್ತಾನೆ ಎಂದು ಸುದ್ದಿ ಬಂತು.

ಇಲ್ಲಿಂದ ನಮ್ಮ ಮನೆಯ ಕಥೆ ಸ್ವಲ್ಪ ಗಂಭೀರವಾಗುತ್ತದೆ. ಅತ್ತೆಯವರ ಮೊಣಕಾಲುಗಳು ಸವೆದು ಎಷ್ಟೋ ಕಾಲವಾಗಿದೆ. ಗೋಡೆ ಹಿಡಿದು ಏಳುತ್ತಾರೆ. ಹಾಲ್‌ನ ಗೋಡೆಯ ಮೇಲೆ, ಸೋಫಾದ ಪಕ್ಕ, ಅವರ ಅಂಗೈಯ ಎತ್ತರಕ್ಕೆ ಬಣ್ಣ ಮಾಸಿ ಒಂದು ಕಲೆಯಾಗಿದೆ. ಎಷ್ಟು ಸಲ ಸುಣ್ಣ ಬಳಿಸಿದರೂ ಮತ್ತೆ ಮೂಡುತ್ತದೆ. ಮೊಣಕಾಲು ಬದಲಿಸಬೇಕು, ತಡ ಮಾಡಿದಷ್ಟೂ ಕಷ್ಟ ಎಂದು ಡಾಕ್ಟರು ಹೇಳಿದರು. ಅತ್ತೆ ಒಪ್ಪಲಿಲ್ಲ. ಕೊಯ್ದ ಕಾಲು ಮತ್ತೆ ಕಾಲಾಗುವುದಿಲ್ಲ ಎಂಬುದು ಅವರ ನಂಬಿಕೆ. ನಮ್ಮ ಮನೆಯವರು ಹೇಳಿ ಹೇಳಿ ಸೋತರು. ಕೊನೆಗೆ ಒಂದು ದಿನ ಅತ್ತೆಯೇ ಷರತ್ತು ಹಾಕಿದರು: "ಉದ್ದಪ್ಪ ಎದ್ದು ಆಡ್ಲಿ. ಅದು ನೋಡಿ ಆಮ್ಯಾಲ ನಂದು ಹೇಳ್ತೀನಿ."

"ಅವ್ವಾ, ಅವಂದೇ ಬ್ಯಾರೆ ಆಪರೇಷನ್, ನಿಂದೇ ಬ್ಯಾರೆ," ಎಂದರು ಇವರು.

"ಮೊಣಕಾಲು ಮೊಣಕಾಲೇ ಅಲ್ಲೇನು?"

"ಆಯ್ತು ಬಿಡು. ಅವ ಆಡಿದ ಮ್ಯಾಲ ಮೊಬೈಲ್‌ದಾಗ ತೋರಸ್ತೀನಿ."

"ಅದು ನಡಿಯಾಂಗಿಲ್ಲ. ಆಮ್ಯಾಲ ತೋರ್ಸೋದ್ರಾಗ ಬಿದ್ದಿದ್ದು ಕತ್ತರಿಸಿ ಜಿಗಿದಿದ್ದಷ್ಟೇ ತೋರಸ್ತಾರ. ಅವ ಆಡೋ ಹೊತ್ತಿನಾಗೇ ಕುಂತು ನೋಡ್ಬೇಕು."

ಅಲ್ಲಿಂದ ಶುರುವಾಯಿತು ನೋಡಿ ಕಾಯುವ ಕೆಲಸ. ಅಲ್ಲಿಯವರೆಗೆ ಕ್ರಿಕೆಟ್ ಬಿಟ್ಟು ಇನ್ನೊಂದು ಆಟವನ್ನು ಆಟವೆಂದೇ ಒಪ್ಪದ, "ಊರಾಗ ನಳ ದಿನಾ ಬರಂಗಿಲ್ಲ, ಇವ್ರಿಗಿ ಅಮೆರಿಕದ ಚಿಂತಿ" ಎಂದು ಹಂಗಿಸುತ್ತಿದ್ದ ನಮ್ಮ ಮನೆಯವರು ಈಗ ತಮ್ಮ ಅಂಗಡಿಯಿಂದಲೇ ಫೋನ್ ಮಾಡಿ, "ಸುನೀತಾ, ಉದ್ದಪ್ಪ ಓಡ್ಲತ್ತಾನಂತ, ಅವ್ವಗ ಹೇಳು" ಅನ್ನತೊಡಗಿದರು. ಬೇಸಿಗೆ ಕಳೆಯಿತು. ಗಡ್ಡದವನನ್ನು ಬೇರೆ ತಂಡಕ್ಕೆ ಕೊಟ್ಟರು ಎಂದು ತಿಳಿದಾಗ ಅತ್ತೆ ಒಂದು ಹೊತ್ತು ಊಟ ಬಿಟ್ಟರು. "ಮನಿ ಮಗನ್ನ ಹಿಂಗ ಕೊಟ್ಟುಬಿಡ್ತಾರೇನು, ಕೇಳೋರಿಲ್ಲೇನು ಅವಗ?" ಮಳೆ ಬಂತು, ಸೋಯಾ ರಾಶಿಯಾಯಿತು, ತೊಗರಿ ಹೂವಿಗೆ ಬಂತು. ಉದ್ದಪ್ಪ ಕಪ್ಪು ಪಟ್ಟಿ ಕಟ್ಟಿಕೊಂಡು ಅಭ್ಯಾಸ ಮಾಡುವ ಚಿತ್ರವನ್ನು ನಾನು ದೊಡ್ಡದು ಮಾಡಿ ತೋರಿಸಿದರೆ, ಅತ್ತೆ ಮುಖ ಬಿಟ್ಟು ಪಟ್ಟಿಯನ್ನೇ ನೋಡುತ್ತಿದ್ದರು. ನಮಗೆ ದಸರೆ ಬಂದದ್ದೂ ಹೋದದ್ದೂ ಸರಿಯಾಗಿ ತಿಳಿಯಲಿಲ್ಲ.

ಹೀಗಿರುವಾಗ ನನ್ನ ನಾದಿನಿ ಶಾರದಾ ಭಾಲ್ಕಿಯಲ್ಲಿ ಕಟ್ಟಿಸುತ್ತಿದ್ದ ಹೊಸ ಮನೆ ಮುಗಿಯಿತು. ಗೃಹಪ್ರವೇಶದ ದಿನ ಗೊತ್ತುಮಾಡಿಕೊಂಡು ಫೋನ್ ಮಾಡಿದಳು. ಗುರುವಾರ, ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಹಾಲು ಉಕ್ಕಿಸುವುದು. ನಾನು ಫೋನ್ ಹಿಡಿದುಕೊಂಡೇ ನಿಂತೆ. ಮೊದಲ ಪಂದ್ಯವೂ ಅದೇ ಗುರುವಾರ, ಅದೇ ಹೊತ್ತಿಗೆ. ಮಗಳ ಮನೆಯ ಹಾಲು ಉಕ್ಕುವಾಗ ತಾಯಿ ಒಲೆಯ ಮುಂದೆ ಇರಲೇಬೇಕು. ಉದ್ದಪ್ಪ ಏಳುವಾಗ ಟಿವಿಯ ಮುಂದೆಯೂ ಇರಲೇಬೇಕು. ಈ ಸಲ ತಪ್ಪಿದರೆ ಅತ್ತೆ ಇನ್ನೊಂದು ನೆಪ ಹುಡುಕುತ್ತಾರೆ, ಗೋಡೆಯ ಮೇಲಿನ ಕಲೆ ಇನ್ನೊಂದು ವರ್ಷ ಬೆಳೆಯುತ್ತದೆ.

ಇಲ್ಲಿ ನನ್ನ ಲೆಕ್ಕವನ್ನು ಹೇಳಬೇಕು. ಅಮೆರಿಕದ ತಾರೀಖು ನಮಗಿಂತ ಹಿಂದೆ. ಅಲ್ಲಿ ಬುಧವಾರ ರಾತ್ರಿಯಾದರೆ ಇಲ್ಲಿ ಗುರುವಾರ ಬೆಳಗು. ಹೋದ ವರ್ಷವಿಡೀ ನಾನು ತಂಡದವರು ಹಾಕಿದ ದಿನಕ್ಕೆ ಒಂದು ಕೂಡಿಸಿ ಅತ್ತೆಗೆ ಹೇಳುತ್ತಿದ್ದೆ, ಒಮ್ಮೆಯೂ ತಪ್ಪಿರಲಿಲ್ಲ. ಈ ವಿದ್ಯೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಪಕ್ಕದ ಮನೆಯಾಕೆಗೆ ಕಿತ್ತಳೆ ಹಣ್ಣನ್ನು ತಿರುಗಿಸಿ ಭೂಮಿಯ ಚಲನೆ ವಿವರಿಸಿದ್ದೂ ಉಂಟು. ಈ ವರ್ಷ ದಸರೆಗೆ ನಮ್ಮ ಮನೆಯವರು ಕೊಡಿಸಿದ ಹೊಸ ಫೋನಿನಲ್ಲಿ ಮೊದಲ ಪಂದ್ಯ ಬುಧವಾರ ಎಂದು ಕಂಡಿತು. ಒಂದು ಕೂಡಿಸಿದೆ. ಗುರುವಾರ.

ಶಾರದಾಗೆ ದಿನ ಹಿಡಿದುಕೊಟ್ಟವರು ಔರಾದದ ಅಯ್ಯನವರು. ಮೂರು ತಲೆಮಾರಿನಿಂದ ನಮ್ಮ ಮನೆಗೆ ಪೂಜೆಗೆ ಬರುವವರು. ಅತ್ತೆಯವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿಕೊಂಡು, ಎರಡೂ ಬದಿಗೆ ಹಳದಿ ಹೂ ತೊಟ್ಟ ತೊಗರಿ ಹೊಲಗಳ ನಡುವೆ ಔರಾದಕ್ಕೆ ಹೋದೆವು. ಅಯ್ಯನವರು ಪಡಸಾಲೆಯಲ್ಲಿ ಕುಳಿತು ಬಾದಾಮಿ ಎಣ್ಣೆಯಿಂದ ತಮ್ಮದೇ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ. ಎಲ್ಲವನ್ನೂ ಹೇಳಿದೆ. ಅವರು ತಿಕ್ಕುವುದನ್ನು ನಿಲ್ಲಿಸಿ ಕೇಳಿದರು.

"ಅಂದ್ರ ಗುರುವಾರ ಬ್ಯಾಡ, ಬುಧವಾರ ಆಗಬೇಕು ನಿಮಗ."

"ಹೌದ್ರಿ ಅಪ್ಪಾರ. ದಿನ ಛಲೋ ಇದ್ರ."

"ಶರಣರಿಗಿ ಕೆಟ್ಟ ದಿನ ಅಂಬೋದು ಯಾವ್ದದ ತಂಗಿ? ಎಲ್ಲಾ ದಿನಾನೂ ಶಿವಂದೇ."

"ಹಂಗಿದ್ರ ಮಂದಿ ನಿಮ್ಮ ಬಲ್ಲಿ ಬಂದು ಯಾಕ ಕೇಳ್ತಾರ್ರಿ?" ಎಂದರು ಅತ್ತೆ.

"ಧೈರ್ಯಕ್ಕ ಕೇಳ್ತಾರವ್ವ. ನಾನೂ ಧೈರ್ಯಕ್ಕೇ ಹೇಳ್ತೀನಿ. ಬುಧವಾರ ಮಾಡ್ರಿ, ಶಾರದಾಗ ನಾ ಫೋನ್ ಮಾಡ್ತೀನಿ." ಆಮೇಲೆ ಎಣ್ಣೆಯ ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡು, "ಆ ಹುಡುಗಂದು ಮೊಣಕಾಲು ಬರೋಬರಿ ಆಯ್ತಂದ್ರ ಜರಾ ನನಗೂ ತಿಳಸ್ರಿ," ಎಂದರು.

ನನಗೆ ಬುಧವಾರವೇ ಬೇಕಂತೆ ಎಂದು ಅಯ್ಯನವರು ಹೇಳಿದ್ದೇ ತಡ, ಶಾರದಾ ಪಾಪ, ಅಡುಗೆಯವರಿಗೆ, ಮಂಟಪದವರಿಗೆ, ಕಮಲನಗರದ ತನ್ನ ಅತ್ತೆಯ ಕಡೆಯವರಿಗೆ ಎಲ್ಲರಿಗೂ ಮತ್ತೆ ಫೋನ್ ಮಾಡಿ ದಿನ ಬದಲಿಸಿದಳು. ನಾನು ಆ ವಾರವೆಲ್ಲ ಗೆದ್ದವಳ ಹಾಗೆ ಓಡಾಡಿದೆ. ಬುಧವಾರ ಗೃಹಪ್ರವೇಶ, ಸಂಜೆ ಮನೆಗೆ ವಾಪಸು, ಗುರುವಾರ ಬೆಳಿಗ್ಗೆ ಉದ್ದಪ್ಪ. ಇಷ್ಟು ಚೆಂದದ ಏರ್ಪಾಟನ್ನು ಮಾಡಿದವಳು ನಾನು ಎಂದು ರೊಟ್ಟಿ ಬಡಿಯುವಾಗ ನನಗೇ ಸಣ್ಣ ನಗು ಬರುತ್ತಿತ್ತು.

ಮಂಗಳವಾರವೇ ಭಾಲ್ಕಿಗೆ ಹೋಗಿ ಉಳಿದೆವು. ಬುಧವಾರ ನಸುಕಿನಲ್ಲಿ ಮನೆಯೆಲ್ಲ ಹೊಸ ಬಣ್ಣದ, ಚೆಂಡುಹೂವಿನ ವಾಸನೆ. ಹೆಂಗಸರ ರೇಷ್ಮೆ ಸೀರೆಗಳ ಸರಸರ ಸದ್ದು. ಹಾಲ್‌ನ ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಹೊಸ ಟಿವಿ, ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆಯದೆ, ಮದುವೆಮನೆಯಲ್ಲಿ ಕೂತ ಹೊಸ ಅಳಿಯನ ಹಾಗೆ ಬಿಗಿದುಕೊಂಡಿತ್ತು. ಅಯ್ಯನವರು ಔರಾದದಿಂದ ಬಂದು ಪೂಜೆಗೆ ಅಣಿ ಮಾಡುತ್ತಿದ್ದರು. ಅಡುಗೆಮನೆಯ ಒಲೆಯ ಎದುರು ಅತ್ತೆಯವರಿಗೆ ಕುರ್ಚಿ ಹಾಕಿದ್ದರು. ನಾನು ವಿಳ್ಯದೆಲೆ ಒರೆಸುತ್ತಿದ್ದಾಗ ನನ್ನ ಫೋನು ಕುಂಯ್ ಎಂದಿತು. ನೋಡಿದೆ. ನಿಮ್ಮ ತಂಡದ ಮೊದಲ ಪಂದ್ಯ ಇನ್ನು ಸ್ವಲ್ಪ ಹೊತ್ತಿನಲ್ಲಿ ಆರಂಭ, ಎಂದಿತ್ತು.

ಮೊದಲು ಫೋನಿಗೇ ತಪ್ಪು ತಿಳಿದಿದೆ ಎಂದುಕೊಂಡೆ. ಪಾಪ, ಅದಕ್ಕೆ ಭೂಮಿ ತಿರುಗುವುದು ಗೊತ್ತಿಲ್ಲ. ಆಮೇಲೆ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. ಹೊಸ ಫೋನು ಹಳೆಯದರ ಹಾಗಲ್ಲ. ಅದು ಅಮೆರಿಕದ ದಿನವನ್ನು ತಾನೇ ನಮ್ಮ ದಿನಕ್ಕೆ ತಿರುಗಿಸಿಕೊಂಡೇ ನನಗೆ ತೋರಿಸಿತ್ತು. ಅದು ಒಂದು ಕೂಡಿಸಿದ್ದರ ಮೇಲೆ ನಾನು ಇನ್ನೊಂದು ಕೂಡಿಸಿದ್ದೆ. ಗುರುವಾರ ಯಾವ ಪಂದ್ಯವೂ ಇರಲಿಲ್ಲ. ಹಿಂದೆ ಹಿಡಿದಿದ್ದ ದಿನವನ್ನು ಅದರ ಪಾಡಿಗೆ ಬಿಟ್ಟಿದ್ದರೆ ಎಲ್ಲ ಸುಸೂತ್ರವಾಗಿರುತ್ತಿತ್ತು. ಔರಾದಕ್ಕೆ ಹೋಗಿ, ಅಯ್ಯನವರ ಬಾಯಲ್ಲಿ ಹೇಳಿಸಿ, ಭಾಲ್ಕಿ, ಕಮಲನಗರಗಳನ್ನೆಲ್ಲ ಅಲುಗಾಡಿಸಿ, ಹಾಲಿನ ಪಾತ್ರೆಯನ್ನು ಸರಿಯಾಗಿ ಪಂದ್ಯದ ಮೇಲೆಯೇ ತಂದು ಇಟ್ಟವಳು ನಾನು.

ಅತ್ತೆಯವರ ಕಿವಿಯಲ್ಲಿ ಹೇಳಿದೆ. ಅವರು ನನ್ನ ಮುಖ ನೋಡಿ, "ಕಾನ್ವೆಂಟದಾಗ ಕೂಡಿಸೋದು ಭಾಳ ಛಲೋ ಕಲಸ್ಯಾರ ನೋಡು," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಆಮೇಲೆ ಅವರು ಮುಖ ತಿರುಗಿಸಿ, ಯಾರಿಗೂ ಕಾಣದ ಹಾಗೆ, ಸೀರೆಯ ಮೇಲಿನಿಂದ ಮೊಣಕಾಲನ್ನು ಒಮ್ಮೆ ಸವರಿಕೊಂಡರು. 

ನೇರವಾಗಿ ಹಾಲ್‌ಗೆ ಹೋಗಿ ನಮ್ಮ ಮನೆಯವರಿಗೆ ಹೇಳಿದೆ. ಅವರು ಒಂದು ಕ್ಷಣವೂ ತಡಮಾಡದೆ ಟಿವಿಯ ಪ್ಲಾಸ್ಟಿಕ್ಕಿಗೆ ಕೈಹಾಕಿದರು. ಶಾರದಾ ಓಡಿಬಂದಳು. "ಅಣ್ಣಾ, ಪೂಜಾ ಆಗದೇ ಹೊಸಾ ಸಾಮಾನ ಶುರು ಮಾಡ್ತಾರೇನು? ವೈನಿ, ನೀವರ ಹೇಳ್ರಿ." ನಾನು ಅಯ್ಯನವರ ಕಡೆ ನೋಡಿದೆ. ಅವರು ವಿಭೂತಿ ಗಟ್ಟಿಯನ್ನು ಹಿಡಿದು ಎದ್ದು ಬಂದರು. "ಪೂಜಾ ತಾನೆ ಆಗಬೇಕು? ಆಗ್ಲಿ." ಪ್ಲಾಸ್ಟಿಕ್ ಸರಿಸಿ, ನೀರು ಮುಟ್ಟಿಸಿ, ಗಾಜಿನ ಮೇಲುಗಡೆ ಮೂರು ಬೆರಳಿನಿಂದ ಅಗಲವಾಗಿ ವಿಭೂತಿ ಎಳೆದು ಒಂದು ಹೂವಿಟ್ಟರು. "ಈಗ ಹಚ್ಚಪ್ಪ." ಶಾರದಾಳ ಗಂಡ ಬಾಗಿಲ ಬಣ್ಣ ಒಣಗುವ ಮೊದಲೇ ಇಂಟರ್ನೆಟ್ ಹಾಕಿಸಿದ್ದ. ಪಂದ್ಯ ಬಂತು.

ಅತ್ತೆಯವರ ಕುರ್ಚಿಯನ್ನು ಅಡುಗೆಮನೆಯ ಬಾಗಿಲಲ್ಲಿ, ಅರ್ಧ ಒಲೆಗೆ ಅರ್ಧ ಟಿವಿಗೆ ಮುಖವಾಗಿ ಇಟ್ಟೆವು. ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಹಾಲ್‌ಗೆ ಬಂದು ನಿಂತರು. ಕಮಲನಗರದ ಬೀಗರೊಬ್ಬರು ಮೆಲ್ಲಗೆ ನನ್ನನ್ನು ಕೇಳಿದರು, "ಈ ಪೂಜಾ ನಮ್ಮ ಕಡಿ ಇಲ್ರಿ ಅಕ್ಕಾರ. ಎಷ್ಟೊತ್ತು ನಡೀತದ?" ಅಷ್ಟರಲ್ಲಿ ಉದ್ದಪ್ಪ ಬೆಂಚಿನಿಂದ ಎದ್ದ. ಮೊಣಕಾಲಿಗೆ ಕಪ್ಪು ಪಟ್ಟಿ. ಹಣೆಯ ಮೇಲೆ, ಅವನಿಗೆ ಗೊತ್ತಿಲ್ಲದೆಯೇ, ಔರಾದದ ವಿಭೂತಿ. ಅಲ್ಲಿನ ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಲ್ಲಿ ಬೀಗರೂ ತಟ್ಟಿದರು, ಯಾಕೆಂದು ಯಾರನ್ನೂ ಕೇಳಲಿಲ್ಲ.

ಅವನು ಚೆನ್ನಾಗಿ ಆಡಿದ ಎಂದು ಹೇಳಲಾರೆ. ಎಸೆದದ್ದು ಕಬ್ಬಿಣದ ಬಳೆಗೆ ತಾಗಿ ಹೊರಗೆ ಬೀಳುತ್ತಿತ್ತು. ಎಗರಬೇಕಾದಲ್ಲಿ ಎಗರದೆ ನಿಂತ.  ಆಮೇಲೆ ಒಂದು ಚೆಂಡಿಗಾಗಿ ಕಡೆಗೂ ಎಗರಿದ, ಯಾರದೋ ಭುಜ ತಾಗಿ ದಪ್ಪನೆ ಬಿದ್ದ.  ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡಿದ್ದರು, ಅಯ್ಯನವರ ಕೈ ಅವರದೇ ಮೊಣಕಾಲಿನ ಮೇಲಿತ್ತು. ಜೊತೆಯವನು ಎಬ್ಬಿಸಲು ಕೈ ಚಾಚಿದ. ಉದ್ದಪ್ಪ ಬೇಡವೆಂದು ತಲೆಯಾಡಿಸಿ, ಕಾಲು ಮಡಿಸಿ, ಸುಮ್ಮನೆ ಎದ್ದು ನಿಂತ.

"ಕೈ ಊರಲಿಲ್ಲ ನೋಡು," ಎಂದರು ಅತ್ತೆ. ಸಣ್ಣ ದನಿ. "ನೆಲಕ್ಕೂ ಊರಲಿಲ್ಲ, ಮತ್ತೊಬ್ಬರದೂ ಹಿಡೀಲಿಲ್ಲ."

ಅಷ್ಟರಲ್ಲಿ ಅಡುಗೆಮನೆಯಿಂದ ಚುಂಯ್ ಎಂದು ಸದ್ದಾಯಿತು, ಸುಟ್ಟ ಹಾಲಿನ ವಾಸನೆ ಬಂತು. ಶಾರದಾ ಸಣ್ಣ ಉರಿಯ ಮೇಲೆ ಇಟ್ಟುಬಂದಿದ್ದ ಹಾಲು ಯಾರಿಗೂ ಕಾಯದೆ ತಾನೇ ಉಕ್ಕಿತ್ತು. ಮೂಡಣಕ್ಕೆ ಉಕ್ಕಿದರೆ ಶುಭ ಎನ್ನುತ್ತಾರೆ. ಯಾವ ಕಡೆ ಮೊದಲು ಉಕ್ಕಿತೆಂದು ನೋಡಿದವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಶಾರದಾಳ ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ಅಯ್ಯನವರು ಒಲೆಯ ಸುತ್ತ ಬಗ್ಗಿ ನೋಡಿ, "ನಾಕೂ ಕಡಿ ಉಕ್ಕ್ಯಾದವ್ವ. ಒಂದೇ ಕಡಿ ಉಕ್ಕೋದು ಸಣ್ಣ ಮನಿದು," ಎಂದರು. ಅವಳು ಅಳುವುದನ್ನು ಬಿಟ್ಟು ನಕ್ಕಳು.

ಪಂದ್ಯವನ್ನು ನಮ್ಮ ತಂಡ ಹೀನಾಯವಾಗಿ ಸೋತಿತು. ಯಾರಿಗೂ ಅದರ ಗೊಡವೆ ಇರಲಿಲ್ಲ. ಹೋಳಿಗೆ ಬಡಿಸುವಾಗ ಅತ್ತೆ, ಉಪ್ಪು ಕೇಳಿದಷ್ಟು ಸಹಜವಾಗಿ ಮಗನಿಗೆ ಹೇಳಿದರು: "ಡಾಕ್ಟರಿಗಿ ಹೇಳಪ್ಪ. ಮಾಡಿಸ್ಕೊಂತೀನಿ." ಇವರು ತುತ್ತನ್ನು ಕೈಯಲ್ಲೇ ಹಿಡಿದು ಕುಳಿತರು. ಶಾರದಾ ಬಂದು ನನ್ನ ಭುಜ ತಬ್ಬಿಕೊಂಡಳು. "ವೈನಿ, ಬುಧವಾರನೇ ಬೇಕಂತ ಯಾಕ ಹಟ ಹಿಡಿದ್ರಿ ಅಂತ ಈಗ ತಿಳೀತು ನೋಡ್ರಿ. ಇಷ್ಟು ಮಂದಿ ಮುಂದ ಅವ್ವನ ಬಾಯಾಗ ಹಾಂ ಅನ್ಸಬೇಕಂತ ಲೆಕ್ಕ ಹಾಕಿ ತಂದ್ರಿ." ಕಾನ್ವೆಂಟಿನಲ್ಲಿ ಬಹುಮಾನ ಬಂದಾಗ ನಿಲ್ಲಬೇಕೆಂದು ಕಲಿಸಿದ ಹಾಗೆ ನಾನು ಕಣ್ಣು ಕೆಳಗೆ ಮಾಡಿ ನಿಂತೆ. ಇಲ್ಲವೆಂದು ಹೇಳುವುದು ಶಿಷ್ಟಾಚಾರವಲ್ಲ.

ಅತ್ತೆ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ ಮಗನಿಗೆ ಇನ್ನೊಂದು ಮಾತು ಸೇರಿಸಿದರು: "ಆಪರೇಷನ್ ತಾರೀಖ ಮಾತ್ರ ಸುನೀತಾ ತೆಗೀಬಾರದು. ನೀ ತೆಗಿ."

ತಾರೀಖು ನಮ್ಮ ಮನೆಯವರೇ ತೆಗೆದಿದ್ದಾರೆ, ಉದ್ದಪ್ಪನ ತಂಡಕ್ಕೆ ಬಿಡುವಿರುವ ದಿನಗಳನ್ನು ನೋಡಿಕೊಂಡು. ಈಗಲೂ ಪ್ರತಿ ಸಂಜೆ ಅತ್ತೆ ನನ್ನನ್ನೇ ಕೇಳುತ್ತಾರೆ, "ನಾಳಿ ಮುಂಜಾನಿ ಆಟ ಅದನೋ ಇಲ್ಲೋ?" ನಾನು ಹೇಳುತ್ತೇನೆ. "ಹೌದಾ" ಎನ್ನುತ್ತಾರೆ. ಆಮೇಲೆ ಗೋಡೆ ಹಿಡಿದು ಎದ್ದು, ಒಳಗಿನ ಕೋಣೆಗೆ ಹೋಗಿ, ನನಗೆ ನೋವಾಗಬಾರದೆಂದು ದನಿ ತಗ್ಗಿಸಿ, ಅದೇ ಪ್ರಶ್ನೆಯನ್ನು ಮಗನಿಗೆ ಕೇಳುತ್ತಾರೆ. ಬೇಸರ ಮಾಡಿಕೊಳ್ಳುವ ಹಾಗಿಲ್ಲ. ಇವರು ಏನು ಉತ್ತರ ಹೇಳುತ್ತಾರೆಂದು ಕೇಳಿಸಿಕೊಳ್ಳಲು ನಾನೂ ಒಗ್ಗರಣೆಯ ಉರಿ ಸಣ್ಣ ಮಾಡಿ ಬಾಗಿಲ ಮರೆಯಲ್ಲಿ ನಿಂತಿರುತ್ತೇನೆ.